ರ‍್ಯಾಂಕ್ ಜೋಡಿಯದು: ಅಶ್ವಿನಿ ಪೊನ್ನಪ್ಪ ಆಡಿದ ಡಬಲ್ಸ್

ಕೇಳುಗರೇ, ನಮಸ್ಕಾರ.

2012ರ ಲಂಡನ್ ಒಲಿಂಪಿಕ್ಸ್, ಬ್ಯಾಡ್ಮಿಂಟನ್‌ನ ಮಹಿಳಾ ಡಬಲ್ಸ್, ಅಂದರೆ ಇಬ್ಬಿಬ್ಬರು ಜೋಡಿಯಾಗಿ ಆಡುವ ಆಟ. ನಮ್ಮ ಕೊಡವತಿ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆಗೂಡಿ ಗುಂಪಿನ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದರು. ಜಪಾನ್, ಚೈನೀಸ್ ತೈಪೆ ಜೋಡಿಗಳದ್ದೂ ಎರಡೆರಡು ಗೆಲುವು. ಕಡೆಗೆ ಗಳಿಸಿದ ಪಾಯಿಂಟ್ ಎಷ್ಟು, ಬಿಟ್ಟುಕೊಟ್ಟದ್ದೆಷ್ಟು ಎಂದು ಲೆಕ್ಕ ಹಾಕಿದಾಗ, ಒಂದೇ ಒಂದು ಪಾಯಿಂಟ್‌ನಲ್ಲಿ ಕ್ವಾರ್ಟರ್‌ಫೈನಲ್ ಕೈತಪ್ಪಿತು.

ಡಬಲ್ಸ್‌ನಲ್ಲಿ ಅಂಥ ಪಾಯಿಂಟ್ ಸೋರಿಹೋಗುವುದು ಹೆಚ್ಚಾಗಿ ಸರ್ವ್‌ನಲ್ಲಿ, ಅಂದರೆ ಆಟ ಶುರುಮಾಡುವ ಮೊದಲ ಹೊಡೆತದಲ್ಲಿ. ಡಬಲ್ಸ್ ಸರ್ವ್‌ಗೆ ಹಿಂದಿನ ಗೆರೆ ಅಂಕಣದ ಕೊನೆಯ ಗೆರೆಗಿಂತ 76 ಸೆಂಟಿಮೀಟರ್ ಒಳಗೇ ಇದೆ. ಎತ್ತಿ ಹೊಡೆಯಲು ಜಾಗ ಕಡಿಮೆ. ಅದು ಗೊತ್ತಿರುವುದರಿಂದಲೇ ಎದುರಾಳಿ ಮುಂದಿನ ಗೆರೆಗೆ ಅಂಟಿಕೊಂಡು ರಾಕೆಟ್ ಎತ್ತಿ ನಿಂತಿರುತ್ತಾಳೆ. ಶಟಲ್ ನೆಟ್ಟಿನ ಪಟ್ಟಿಯನ್ನು ಸವರಿದಂತೆ ದಾಟಿ, ನೆಟ್ಟಿನಿಂದ 1.98 ಮೀಟರ್ ದೂರದ ಗೆರೆಯ ಬಳಿ ಇಳಿಯಬೇಕು. ಹಿಡಿತ ಬಿಗಿಯಾಯಿತೋ, ಹೆಬ್ಬೆರಳು ಜಾಸ್ತಿ ತಳ್ಳುತ್ತದೆ. ಗೇಣುದ್ದ ಮೇಲೆದ್ದ ಶಟಲ್ ಸೀದಾ ಎದೆಗೇ ವಾಪಸ್ಸು ಬರುತ್ತದೆ.

ಜ್ವಾಲಾ ಎಡಗೈ, ಅಶ್ವಿನಿ ಬಲಗೈ. ರಕ್ಷಣೆಗೆ ಅಕ್ಕಪಕ್ಕ ನಿಂತಾಗ ಎಡಗೈಯವರು ಎಡಕ್ಕಿದ್ದರೆ ಎರಡೂ ಅಂಚುಗಳಿಗೆ ಫೋರ್‌ಹ್ಯಾಂಡ್, ಅಂದರೆ ರಾಕೆಟ್ ಹಿಡಿದ ಕೈಯ ಕಡೆಯ ಹೊಡೆತ, ಸಿಗುತ್ತದೆ, ನಡುವೆ ಇಬ್ಬರದೂ ಬ್ಯಾಕ್‌ಹ್ಯಾಂಡ್, ಅಂದರೆ ಅದರ ವಿರುದ್ಧ ಕಡೆಯದು. ಜಾಗ ಅದಲುಬದಲಾದರೆ ಅಂಚುಗಳು ಬಡವಾಗುತ್ತವೆ, ನಡುವಿನ ಶಟಲ್‌ಗೆ ಎರಡು ರಾಕೆಟ್ ಒಟ್ಟಿಗೆ ಚಾಚುತ್ತವೆ. ದಾಳಿಗೆ ಬಂದರೆ ಹಿಂದಿನಿಂದ ಅಶ್ವಿನಿಯ ಸ್ಮ್ಯಾಶ್ ಎಂಬ ಜೋರು ಇಳಿಹೊಡೆತ, ನೆಟ್ಟಿನ ಬಳಿ ಜ್ವಾಲಾ. ನನ್ನ ಮಟ್ಟಿಗೆ ಇಷ್ಟು ಚೆನ್ನಾಗಿ ಕೂಡಿಬಂದ ಮಹಿಳಾ ಜೋಡಿ ನಮ್ಮಲ್ಲಿ ಬೇರೆ ಇರಲಿಲ್ಲ. 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಚಿನ್ನ. ಮರುವರ್ಷ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 1983ರಲ್ಲಿ ಪ್ರಕಾಶ್ ಪಡುಕೋಣೆ ತಂದ ಕಂಚಿನ ನಂತರ ಭಾರತಕ್ಕೆ ಅಲ್ಲಿ ಪದಕ ಬಂದದ್ದು ಆಗಲೇ.

ಡಬಲ್ಸ್‌ನ ಕಷ್ಟ ಇನ್ನೊಂದಿದೆ. ವಿಶ್ವ ರ‍್ಯಾಂಕ್ ಆಟಗಾರ್ತಿಯದಲ್ಲ, ಜೋಡಿಯದು. 52 ವಾರಗಳ ಅತ್ಯುತ್ತಮ ಹತ್ತು ಟೂರ್ನಿಗಳ ಪಾಯಿಂಟ್ ಕೂಡಿಸುತ್ತಾರೆ. ಜೊತೆಗಾತಿ ಬದಲಾದರೆ, ವಿಶ್ವ ಪದಕ ಗೆದ್ದವರ ಖಾತೆಯೂ ಹೊಸದಾಗಿ ತುಂಬಬೇಕು. ಸಿಕ್ಕಿ ರೆಡ್ಡಿ ಜೊತೆ 2018ರ ಕಾಮನ್‌ವೆಲ್ತ್ ಕಂಚು ಗೆದ್ದ ಅಶ್ವಿನಿ, 2023ರಲ್ಲಿ ತನಗಿಂತ ಬಹಳ ಚಿಕ್ಕವರಾದ ತನಿಶಾ ಕ್ರಾಸ್ಟೊ ಜೊತೆ ಮತ್ತೆ ಕೆಳಗಿನಿಂದ ಹತ್ತಿದರು. ದೊಡ್ಡ ಟೂರ್ನಿಗಳ ಮುಖ್ಯ ಸುತ್ತಿಗೆ ರ‍್ಯಾಂಕ್ ಸಾಲದಾಗ ಸಣ್ಣ ಟೂರ್ನಿಗಳೇ ಗತಿ. ಅಬುಧಾಬಿ ಗೆದ್ದರು, ಗುವಾಹಟಿ ಗೆದ್ದರು, ಹಾಗೆ ಹನಿಹನಿಯಾಗಿ ಪಾಯಿಂಟ್ ಕೂಡಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಬಂತು.

ಪ್ಯಾರಿಸ್‌ನಲ್ಲಿ ಗುಂಪಿನ ಮೂರೂ ಪಂದ್ಯ ಸೋತರು. ಇದೇ ನನ್ನ ಕೊನೆಯ ಒಲಿಂಪಿಕ್ಸ್ ಎಂದು ಅಲ್ಲೇ ತಿಳಿಸಿದರು. ಆಗ ಅವರಿಗೆ ವಯಸ್ಸು 34.