ಕಟ್ಟಿಸಿದ ಹಲ್ಲು ಮತ್ತು ಅದರ ಕೆಳಗಿನ ಒಸಡು

ಕೇಳುಗರೆಲ್ಲರಿಗೂ ನಮಸ್ಕಾರ.

ಹಲ್ಲೆಲ್ಲ ಹೋದ ಮೇಲೆ ಹೊಸ ಹಲ್ಲು ಕಟ್ಟಿಸಿಕೊಳ್ಳಲು ನನ್ನ ಬಳಿ ಬರುವ ಹಿರಿಯರಲ್ಲಿ ಹೆಚ್ಚಿನವರು ಮೊದಲು ಕೇಳುವುದು, "ಡಾಕ್ಟ್ರೇ, ಇದು ಎಷ್ಟು ವರ್ಷ ಬಾಳಿಕೆ ಬರುತ್ತದೆ?" ಎಂದು. ಸೆಟ್ಟು ಚೆನ್ನಾಗಿಯೇ ಬಾಳಿಕೆ ಬರುತ್ತದೆ. ಆದರೆ ಅದು ಕೂರುವ ಜಾಗ ಹಾಗೆಯೇ ಉಳಿಯುವುದಿಲ್ಲ. ಹಲ್ಲಿನ ಬೇರನ್ನು ಹಿಡಿದುಕೊಂಡಿದ್ದ ದವಡೆಯ ಮೂಳೆ, ಹಲ್ಲು ಕಿತ್ತ ಮೇಲೆ ಕೆಲಸವಿಲ್ಲದಂತಾಗಿ ಕರಗತೊಡಗುತ್ತದೆ. ಮೊದಲ ವರ್ಷದಲ್ಲಿ ಬೇಗ ಬೇಗ, ಆಮೇಲೆ ನಿಧಾನವಾಗಿ, ಆದರೆ ಬದುಕಿರುವವರೆಗೂ. ದೀರ್ಘಕಾಲದಲ್ಲಿ ಕೆಳದವಡೆಯ ಸವೆತ ಮೇಲ್ದವಡೆಯದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಆದುದರಿಂದಲೇ ಐದಾರು ವರ್ಷಗಳ ಹಿಂದೆ ಅಚ್ಚುಕಟ್ಟಾಗಿ ಕೂತಿದ್ದ ಸೆಟ್ಟು ಇಂದು ಮಾತನಾಡುವಾಗ ಅಲುಗಾಡಿದರೆ, ಬದಲಾದದ್ದು ಬಾಯಿ ಎಂದು ತಿಳಿಯಬೇಕು. ಒಳಗಿನ ಮೈಗೆ ಹೊಸ ಪದರ ಕೂರಿಸಿ ಅದನ್ನು ಮತ್ತೆ ಹೊಂದಿಸಬಹುದು. ಅದಕ್ಕಾಗಿ ವರ್ಷಕ್ಕೊಮ್ಮೆಯಾದರೂ ವೈದ್ಯರಿಗೆ ತೋರಿಸಬೇಕು.

ಸೆಟ್ಟು ಬಾಯಲ್ಲಿ ನಿಲ್ಲುವುದು ಹೇಗೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಬೇಸರ ಕಡಿಮೆಯಾಗುತ್ತದೆ. ಎರಡು ಗಾಜಿನ ಹಲಗೆಗಳ ನಡುವೆ ನೀರಿನ ತೆಳುಪೊರೆಯಿದ್ದರೆ ಅವನ್ನು ಬೇರೆ ಮಾಡುವುದು ಎಷ್ಟು ಕಷ್ಟವೋ, ಹಾಗೆಯೇ ಅಂಗುಳಕ್ಕೂ ಮೇಲಿನ ಸೆಟ್ಟಿಗೂ ನಡುವಿನ ಎಂಜಲಿನ ಪೊರೆ ಅದನ್ನು ಹಿಡಿದಿಡುತ್ತದೆ. ಕೆಳಗಿನದಕ್ಕೆ ಅಂಗುಳದ ಆಸರೆಯಿಲ್ಲ. ಲಾಳದ ಆಕಾರದ ಆ ಕಿರಿದಾದ ಪಟ್ಟಿಯ ಪಕ್ಕದಲ್ಲೇ ನಾಲಿಗೆ ದಿನವಿಡೀ ಹೊರಳಾಡುತ್ತಿರುತ್ತದೆ. ಕೆಳಗಿನ ಸೆಟ್ಟಿನ ಬಗ್ಗೆಯೇ ದೂರು ಹೆಚ್ಚು ಬರುವುದು ಇದರಿಂದ. ರಕ್ತದೊತ್ತಡ, ನಿದ್ರೆ, ಖಿನ್ನತೆಗಳ ಕೆಲವು ಮಾತ್ರೆಗಳಿಂದ ಬಾಯಿ ಒಣಗುವವರಿಗೆ ಎರಡೂ ಸಡಿಲವಾಗುವುದುಂಟು. ನೀವು ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನು ದಂತವೈದ್ಯರಿಗೂ ತೋರಿಸಿ.

ಮೊದಲ ಕೆಲವು ವಾರಗಳು ಅಭ್ಯಾಸಕ್ಕೆಂದೇ ಇರುವವು. ಸ್ವಂತ ಹಲ್ಲಿನ ಕಚ್ಚುವ ಬಲದ ಒಂದು ಪಾಲು ಮಾತ್ರ ಈ ಹಲ್ಲಿಗಿರುತ್ತದೆ. ಮೆತ್ತಗಿನ ಅನ್ನ, ಇಡ್ಲಿ, ಉಪ್ಪಿಟ್ಟಿನಿಂದ ತೊಡಗಿ, ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ತುತ್ತನ್ನು ಎರಡೂ ಕಡೆಗೆ ಹಂಚಿಕೊಂಡು ಅಗಿಯಬೇಕು. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಏಳುತ್ತದೆ. ಕಲಿಕೆಗೆ ಮುದ್ದೆಯಿಂದ ಪ್ರಯೋಜನವಿಲ್ಲ, ಅದನ್ನು ಹೇಗೂ ನುಂಗುವುದೇ. ಮಾತಿನ ವಿಷಯವೂ ಹೀಗೆಯೇ. ತ, ದ, ನ, ಲ, ಸ ಎಂಬ ಅಕ್ಷರಗಳನ್ನು ನಮ್ಮ ವ್ಯಾಕರಣ ದಂತ್ಯಗಳೆಂದು ಕರೆದಿದೆ. ನಾಲಿಗೆಯ ತುದಿ ಹಲ್ಲಿನ ಹಿಂಬದಿಯನ್ನು ಮುಟ್ಟಿಯೇ ಅವು ಹುಟ್ಟಬೇಕು. ಹೊಸ ಹಲ್ಲು ಎಲ್ಲಿದೆಯೆಂದು ನಾಲಿಗೆಗೆ ಗೊತ್ತಾಗುವವರೆಗೆ ಮಾತು ತೊದಲುತ್ತದೆ. ದಿನಪತ್ರಿಕೆಯ ಒಂದು ಪುಟವನ್ನು ದಿನವೂ ಗಟ್ಟಿಯಾಗಿ ಓದಿ.

ಒಬ್ಬ ಅಜ್ಜಿ ತಮ್ಮ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ಒಸಡಿಗೆ ಚುಚ್ಚುತ್ತದೆಂದು ಮಗ ಮನೆಯಲ್ಲೇ ಅರದಿಂದ ಉಜ್ಜಿದ್ದ. ಆಗ ಸೀಳಿದ್ದನ್ನು ಅಂಟಿನಿಂದ ಕೂಡಿಸಿದ್ದ. ಅಂಟಿನ ಗೆರೆ ಕೂದಲಿನಷ್ಟು ಉಬ್ಬಿತ್ತು, ಅದು ತಾಗುತ್ತಿದ್ದಲ್ಲಿ ಒಸಡು ಕೆಂಪಗೆ ಹುಣ್ಣಾಗಿತ್ತು. ಮಗನದು ಪ್ರೀತಿಯೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೂ ಕೇಳಿಕೊಳ್ಳುತ್ತೇನೆ, ಚುಚ್ಚುವ ಸೆಟ್ಟನ್ನು ಯಾರೂ ಮನೆಯಲ್ಲಿ ಉಜ್ಜಬೇಡಿ, ಅಂಟಿಸಬೇಡಿ. ಬರುವ ಮುನ್ನ ಕೆಲವು ಗಂಟೆಗಳಾದರೂ ಅದನ್ನು ಹಾಕಿಕೊಂಡಿರಿ, ಎಲ್ಲಿ ಒತ್ತುತ್ತಿದೆಯೆಂದು ಒಸಡಿನ ಕೆಂಪು ಗುರುತೇ ನಮಗೆ ತೋರಿಸುತ್ತದೆ. ಎರಡು ವಾರವಾದರೂ ಮಾಯದ ಹುಣ್ಣನ್ನು, ಮುಖ್ಯವಾಗಿ ಎಲೆಯಡಿಕೆ ಹೊಗೆಸೊಪ್ಪಿನ ಅಭ್ಯಾಸವಿದ್ದವರು, ಸೆಟ್ಟಿನ ತರಚೆಂದು ಬಿಟ್ಟುಬಿಡಬಾರದು. ಅದು ಕ್ಯಾನ್ಸರ್ ಅಲ್ಲವೆಂದು ಪರೀಕ್ಷಿಸಿಯೇ ತಿಳಿಯಬೇಕು.

ಇನ್ನು ತೊಳೆಯುವ ವಿಷಯ. ಇಂದಿನ ಸೆಟ್ಟುಗಳಲ್ಲಿ ಹೆಚ್ಚಿನವು ಅಕ್ರಿಲಿಕ್‌ನವು. 1930ರ ದಶಕದ ಕೊನೆಯಲ್ಲಿ ಈ ವಸ್ತು ಬಳಕೆಗೆ ಬರುವ ಮುಂಚೆ ಗಂಧಕ ಬೆರೆಸಿ ಕಾಯಿಸಿದ ಗಟ್ಟಿ ರಬ್ಬರಿನಲ್ಲಿ ಹಲ್ಲು ಕೂರಿಸುತ್ತಿದ್ದರು. ಅಕ್ರಿಲಿಕ್ ಒಸಡಿನ ಬಣ್ಣಕ್ಕೆ ಹೊಂದುತ್ತದೆ, ಹಗುರವಾಗಿದೆ. ಆದರೆ ಬೇಗ ಗೀರು ಬೀಳುತ್ತದೆ, ಬಿದ್ದರೆ ಒಡೆಯುತ್ತದೆ, ಕುದಿನೀರು ಹಾಕಿದರೆ ಸೊಟ್ಟಗಾಗುತ್ತದೆ. ಹಲ್ಲುಜ್ಜುವ ಪೇಸ್ಟು, ಇದ್ದಿಲು, ಉಪ್ಪು ಯಾವುದೂ ಬೇಡ; ಅವು ಮಾಡುವ ಸಣ್ಣ ಗೀರುಗಳಲ್ಲೇ ಕೊಳೆ ಕೂರುವುದು. ಮೃದುವಾದ ಬ್ರಷ್ಷು, ಸೌಮ್ಯವಾದ ಸೋಪು, ತಣ್ಣೀರು ಸಾಕು. ಬಚ್ಚಲಿನ ಸಿಂಕಿನಲ್ಲಿ ಮಡಚಿದ ಟವೆಲ್ ಹಾಸಿ ಅಥವಾ ಅರ್ಧ ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದು ತೊಳೆದರೆ, ಕೈಜಾರಿದರೂ ಒಡೆಯುವುದಿಲ್ಲ. ಊಟದ ನಂತರ ಪ್ರತಿ ಸಲವೂ ತೆಗೆದು ಮುಕ್ಕಳಿಸಿ. ಒಸಡು, ಅಂಗುಳ, ನಾಲಿಗೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಒತ್ತಿ ಹೇಳಬೇಕಾದುದು ರಾತ್ರಿಯ ಮಾತು. ಮಲಗುವಾಗ ಸೆಟ್ಟನ್ನು ತೆಗೆಯಲೇಬೇಕು. ಹಗಲೆಲ್ಲ ಒತ್ತಡ ಹೊತ್ತ ಒಸಡಿಗೆ ಏಳೆಂಟು ಗಂಟೆಯ ವಿಶ್ರಾಂತಿ ಬೇಕು. ತೆಗೆಯದವರ ಅಂಗುಳ ಸೆಟ್ಟಿನ ಅಂಚಿನವರೆಗೆ ಚಿತ್ರ ಬರೆದಂತೆ ಕೆಂಪಾಗಿರುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಅದು ಬೂಸ್ಟಿನ ಜಾತಿಯ ಸೋಂಕು, ನೋವಿಲ್ಲದಿರುವುದರಿಂದ ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. 85 ದಾಟಿದ ಐನೂರಕ್ಕೂ ಹೆಚ್ಚು ವೃದ್ಧರನ್ನು ಮೂರು ವರ್ಷ ಗಮನಿಸಿದ ಜಪಾನಿನ ಒಂದು ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಬರುವ ಅಪಾಯ ಸುಮಾರು ಎರಡು ಪಟ್ಟು ಕಂಡುಬಂದಿತ್ತು. ತೆಗೆದದ್ದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತಣ್ಣೀರು ಹಾಕಿ ಇಡಿ, ನೀರನ್ನು ದಿನವೂ ಬದಲಿಸಿ.

ಹಿರಿಯರು ರಾತ್ರಿ ತೆಗೆಯದಿರುವುದಕ್ಕೆ ಬಹುಮಟ್ಟಿಗೆ ಕಾರಣ ಮರೆವಲ್ಲ, ಸಂಕೋಚ. ಬೊಚ್ಚುಬಾಯಿಯನ್ನು ಸೊಸೆ ನೋಡಬಾರದು, ಮೊಮ್ಮಕ್ಕಳು ನಗಬಾರದು. ಮನೆಯವರು ಆ ಡಬ್ಬಿಗೆ ಕನ್ನಡಕದ ಪಕ್ಕದಲ್ಲೇ ಒಂದು ಜಾಗ ಮಾಡಿಕೊಟ್ಟರೆ, ಅದರ ಬಗ್ಗೆ ಸಹಜವಾಗಿ ಮಾತನಾಡಿದರೆ, ಆ ಸಂಕೋಚ ಕರಗುತ್ತದೆ. ಹಾಸಿಗೆ ಹಿಡಿದವರ ಸೆಟ್ಟನ್ನು ತೊಳೆಯುವುದು ನೋಡಿಕೊಳ್ಳುವವರ ನಿತ್ಯದ ಕೆಲಸಗಳಲ್ಲಿ ಸೇರಬೇಕು. ಆಸ್ಪತ್ರೆಗೆ ಸೇರಿಸುವಾಗ ಡಬ್ಬಿಯ ಮೇಲೆ ಹೆಸರು ಬರೆಯಿರಿ. ಕಾಗದದಲ್ಲಿ ಸುತ್ತಿ ಊಟದ ತಟ್ಟೆಯ ಮೇಲಿಟ್ಟ ಹಲ್ಲುಗಳು ಎಂಜಲಿನ ಜೊತೆ ಕಸಕ್ಕೆ ಹೋಗಿರುವುದುಂಟು.

ಹಣದ ಅಡಚಣೆಯಿಂದ ಹಲ್ಲು ಕಟ್ಟಿಸದೆ ಉಳಿದವರಿಗೆ ಒಂದು ಮಾತು. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲೆಂದು ಕರ್ನಾಟಕ ಸರ್ಕಾರ ದಂತ ಭಾಗ್ಯ ಯೋಜನೆಯನ್ನು ತಂದಿತ್ತು. ಪಡಿತರ ಚೀಟಿ ಹಿಡಿದು ನಿಮ್ಮ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಹೊಸ ಸೆಟ್ಟು ಮಾಡಿಸಲು ಹೋಗುವಾಗ ಹಳೆಯದು ಒಡೆದಿದ್ದರೂ ಜೊತೆಗೆ ಒಯ್ಯಿರಿ. ನಿಮ್ಮ ಮುಖಕ್ಕೆ ಹಲ್ಲು ಎಷ್ಟು ಉದ್ದವಿತ್ತು, ತುಟಿ ಎಲ್ಲಿ ನಿಲ್ಲುತ್ತಿತ್ತು ಎಂಬುದು ನಮಗೆ ಅದನ್ನು ನೋಡಿದರೆ ತಿಳಿಯುತ್ತದೆ. ನಮಸ್ಕಾರ.