ಅರವತ್ತರ ಕಾಲಿಗೆ ಮ್ಯಾರಥಾನ್ ವಾರ: ಸೋಮವಾರದ ಮೆಟ್ಟಿಲಿಂದ ಭಾನುವಾರದ ಲಾಂಗ್ ರನ್‌ವರೆಗೆ

ಈ ಮೆಟ್ಟಿಲು ನೋಡಿ. ಸೋಮವಾರದ ಮೊದಲ ಶಾಟ್ ಇದೇ. ನಿನ್ನೆ ಲಾಂಗ್ ರನ್ ಮುಗಿದಿದೆ, ಇವತ್ತು ಓಟ ಇಲ್ಲ. ಆದ್ರೆ ಪರೀಕ್ಷೆ ಇದೆ. ಹತ್ತೋದಲ್ಲ, ಇಳಿಯೋದು. ಕಂಬಿ ಹಿಡಿಯದೆ, ಪಕ್ಕಕ್ಕೆ ತಿರುಗದೆ, ಒಂದೊಂದೇ ಮೆಟ್ಟಿಲು ನೇರವಾಗಿ. ಇಳಿಯುವಾಗ ತೊಡೆ ಮುಂಭಾಗದ ಸ್ನಾಯು ಎಳೆದುಕೊಳ್ಳುತ್ತಲೇ ದೇಹದ ಭಾರ ತಡೀಬೇಕು. ಲಾಂಗ್ ರನ್ನಲ್ಲಿ ಪೆಟ್ಟು ತಿಂದ ನಾರುಗಳು ಮೊದಲು ದೂರು ಹೇಳೋದು ಅಲ್ಲೇ. ಕೈ ತಾನಾಗೇ ಕಂಬಿಗೆ ಹೋದ್ರೆ ಅದನ್ನ ನೆನಪಿಟ್ಕೊಳ್ಳಿ, ಬುಧವಾರ ಬೇಕಾಗತ್ತೆ.

ಲೆಕ್ಕಕ್ಕೆ ಒಬ್ಬ ಓಟಗಾರರನ್ನ ಇಟ್ಕೊಳ್ಳೋಣ. ವಯಸ್ಸು 60, ತೂಕ 65 ಕೆಜಿ, ಗುರಿ ನಾಲ್ಕೂವರೆ ಗಂಟೆ. 270 ನಿಮಿಷವನ್ನ 42.195 ಕಿಲೋಮೀಟರಿಗೆ ಹಂಚಿದ್ರೆ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡು. ಇದು ರೇಸ್ ಪೇಸ್. ರೇಸಿಗೆ ಇನ್ನೂ ಏಳೆಂಟು ವಾರ ಇದೆ. ವಾರಕ್ಕೆ ನಾಲ್ಕು ಓಟ: ಮಂಗಳವಾರ 9, ಬುಧವಾರ 13, ಶುಕ್ರವಾರ 8, ಭಾನುವಾರ 25. ಒಟ್ಟು 55 ಕಿಲೋಮೀಟರು.

ಇದರಲ್ಲಿ ಕಷ್ಟದ ದಿನ ಎರಡೇ, ಬುಧವಾರ ಮತ್ತು ಭಾನುವಾರ. ಭಾನುವಾರದಿಂದ ಬುಧವಾರಕ್ಕೆ ಮೂರು ದಿನ, ಅಲ್ಲಿಂದ ಮತ್ತೆ ಭಾನುವಾರಕ್ಕೆ ನಾಲ್ಕು ದಿನ. ಈ ವಾರದ ಪ್ಲಾನ್ ಅಂದ್ರೆ ಈ ಅಂತರವೇ, ಮಿಕ್ಕಿದ್ದೆಲ್ಲ ಅದರ ಸುತ್ತ ಕಟ್ಟಿದ್ದು. ಮೂವತ್ತರ ಹರೆಯದವರು ಮಂಗಳವಾರವೇ ಇಂಟರ್ವಲ್, ಅಂದ್ರೆ ನಡುನಡುವೆ ಬಿಡುವಿಟ್ಟು ವೇಗದ ತುಂಡುಗಳನ್ನ ಓಡಿ ದಕ್ಕಿಸ್ಕೊಳ್ತಾರೆ. ಅರವತ್ತರಲ್ಲಿ ಎಡವಟ್ಟಾಗೋದು ಎಲ್ಲಿ ಅಂದ್ರೆ, ಮಂಗಳವಾರಕ್ಕೆ ಉಸಿರು ರೆಡಿ ಇರತ್ತೆ. ಹುಮ್ಮಸ್ಸೂ ಇರತ್ತೆ. ಮೀನಖಂಡ ಮತ್ತು ಅದನ್ನ ಹಿಮ್ಮಡಿಗೆ ಜೋಡಿಸೋ ಅಕಿಲಿಸ್ ಟೆಂಡನ್ ಮಾತ್ರ ಇನ್ನೂ ಭಾನುವಾರದಲ್ಲೇ ಇರತ್ತೆ. ಟೆಂಡನ್ನಿಗೆ ರಕ್ತ ಹರಿಯೋದೇ ಕಡಿಮೆ, ರಿಪೇರಿ ನಿಧಾನ.

ಮಂಗಳವಾರ. 9 ಕಿಲೋಮೀಟರ್, ಈಜಿ. ಪೇಸ್ 7:10ರಿಂದ 7:40ರೊಳಗೆ. ಹೊರಡೋ ಮುಂಚೆ ಹತ್ತು ನಿಮಿಷ ಚುರುಕಾದ ನಡಿಗೆ. ಇದನ್ನ ಹಾರಿಸಬೇಡಿ, ಬೆಳಗಿನ ಬಿಗಿ ಬಿಡೋದೇ ಇದರಲ್ಲಿ.

ಈಜಿ ಅಂದ್ರೆ ಎಷ್ಟು ಈಜಿ? ಹೃದಯ ಬಡಿತದ ಸೂತ್ರ ಕೇಳೋರು ಬಹಳ. 220ರಿಂದ ವಯಸ್ಸು ಕಳೆದ್ರೆ ಗರಿಷ್ಠ 160. 208ರಿಂದ ವಯಸ್ಸಿನ ಶೇಕಡ 70 ಕಳೆಯೋ ಸೂತ್ರದಲ್ಲಿ 166. ಎರಡೂ ಸರಾಸರಿಗಳೇ. ಒಬ್ಬೊಬ್ಬರಿಗೆ ಹತ್ತು ಬಡಿತ ಆಚೀಚೆ ಆಗೋದು ಮಾಮೂಲು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರಿಗೆ ಎರಡು ಸೂತ್ರವೂ ಉಪಯೋಗಕ್ಕಿಲ್ಲ, ಆ ಮಾತ್ರೆ ಬಡಿತವನ್ನೇ ಕಟ್ಟಿಹಾಕತ್ತೆ. ಅದಕ್ಕೇ ಮಾತಿನ ಅಳತೆ ಒಳ್ಳೇದು: ಎರಡು ಪೂರ್ತಿ ವಾಕ್ಯ, ನಡುವೆ ಉಸಿರಿಗೆ ನಿಲ್ಲದೆ. ಆಗಲಿಲ್ಲವಾ, ನಿಧಾನ ಮಾಡಿ. ಇನ್ನೊಂದು ವಿಷಯ: ಈಜಿ ಓಟದಲ್ಲಿ ವಾಚು ಇದ್ದಕ್ಕಿದ್ದಂತೆ 165 ತೋರಿಸಿದ್ರೆ ಗಾಬರಿಯಾಗೋ ಮುಂಚೆ ಹೆಜ್ಜೆ ಎಣಿಸಿ. ಮಣಿಕಟ್ಟಿನ ಸೆನ್ಸರ್ ಎಷ್ಟೋ ಸಲ ಬಡಿತದ ಬದಲು ಹೆಜ್ಜೆಯ ತಾಳವನ್ನೇ ಎಣಿಸತ್ತೆ. ಪಟ್ಟಿಯನ್ನ ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಕಟ್ಟಿ, ಬಿಗಿಯಾಗಿ.

ನಿಧಾನ ಓಡಿದ್ರೆ ಏನು ಬರತ್ತೆ ಅನ್ನೋರಿಗೆ ಕೆನಡಾದ ಎಡ್ ವಿಟ್ಲಾಕ್ ಉತ್ತರ. 2004ರಲ್ಲಿ, 73ನೇ ವಯಸ್ಸಲ್ಲಿ, ಟೊರಾಂಟೊದಲ್ಲಿ 2 ಗಂಟೆ 54 ನಿಮಿಷ 48 ಸೆಕೆಂಡಿಗೆ ಮ್ಯಾರಥಾನ್ ಮುಗಿಸಿದ್ರು. 2016ರಲ್ಲಿ, 85ಕ್ಕೆ, 3:56:34. ಅವರ ತರಬೇತಿಯ ಬಹುಪಾಲು ಮನೆ ಹತ್ತಿರದ ಸ್ಮಶಾನದೊಳಗಿನ ದಾರೀಲಿ ನಿಧಾನವಾಗಿ ಸುತ್ತು ಹಾಕೋದೇ ಆಗಿತ್ತು. ಅವರಿಂದ ಕಲೀಬೇಕಾದ್ದು ಆ ನಿಧಾನವನ್ನ. ದಿನಕ್ಕೆ ಮೂರು ಗಂಟೆಯವರೆಗೂ ಓಡ್ತಿದ್ರಲ್ಲ, ಅದನ್ನಲ್ಲ.

ಬುಧವಾರ. ಸೋಮವಾರ ಕಂಬಿ ಹಿಡಿದಿದ್ರೆ, ಮಂಗಳವಾರದ ಓಟದ ಕೊನೇವರೆಗೂ ಕಾಲು ಭಾರ ಅನ್ನಿಸಿದ್ರೆ, ಈ ಸೆಷನ್ ಗುರುವಾರಕ್ಕೆ ಹೋಗತ್ತೆ. ಅದಕ್ಕಿಂತ ಮುಂದಕ್ಕಿಲ್ಲ. ಗುರುವಾರವೂ ಆಗದಿದ್ರೆ ಈ ವಾರಕ್ಕೆ ಅದನ್ನ ಮರೆತುಬಿಡಿ. ಶುಕ್ರವಾರಕ್ಕೆ ತಳ್ಳಿದ್ರೆ ಅಲ್ಲಿಂದ ಭಾನುವಾರಕ್ಕೆ ಎರಡೇ ದಿನ, ಕಟ್ಟಿದ ಲೆಕ್ಕವೆಲ್ಲ ಕೆಡತ್ತೆ. ತಪ್ಪಿಹೋದ ಸೆಷನ್ನನ್ನ ಸಾಲ ತೀರಿಸೋ ಥರ ಓಡಿದವರೇ ಫಿಸಿಯೋ ಹತ್ತಿರ ಹೆಚ್ಚು ಕಾಣೋದು.

ಸೆಷನ್ ಹೀಗೆ. ನಡಿಗೆ ಆದ್ಮೇಲೆ 2 ಕಿಲೋಮೀಟರ್ ನಿಧಾನ ಓಟ. ಗೋಡೆ ಹಿಡಿದು ಕಾಲು ಬೀಸೋದು, ಮುಂದೆ ಹಿಂದೆ ಹತ್ತು ಸಲ, ಅಡ್ಡಡ್ಡ ಹತ್ತು ಸಲ. ಆಮೇಲೆ 2 ಕಿಲೋಮೀಟರಿನ ನಾಲ್ಕು ತುಂಡು, ರೇಸ್ ಪೇಸಿಗೆ. ತುಂಡಿಗೆ 12 ನಿಮಿಷ 48 ಸೆಕೆಂಡು. ನಡುವೆ ಮೂರು ಮೂರು ನಿಮಿಷ ತೆವಳೋ ಓಟ. ಕೊನೇಲಿ 2 ಕಿಲೋಮೀಟರಿನಷ್ಟು ಕೂಲ್ ಡೌನ್.

ಮೊದಲ ತುಂಡನ್ನ 12:20ಕ್ಕೆ ಮುಗಿಸಿ ಖುಷಿಪಡೋದು ಎಲ್ಲರೂ ಮಾಡೋ ತಪ್ಪು. ಈ ಸೆಷನ್ನಿನ ಕೆಲಸವೇ 6:24 ಅನ್ನೋದನ್ನ ಕಾಲಿಗೆ ಬಾಯಿಪಾಠ ಮಾಡಿಸೋದು. ಮೊದಲನೇದು ಸುಲಭ ಅನ್ನಿಸ್ಬೇಕು, ನಾಲ್ಕನೇದು ಕೆಲಸ ಅನ್ನಿಸ್ಬೇಕು, ಹೋರಾಟ ಅಲ್ಲ. ಐದನೇದೊಂದು ಓಡಬಹುದಿತ್ತು ಅನ್ನೋ ಹೊತ್ತಿಗೆ ನಿಲ್ಸಿ.

400 ಮೀಟರಿನ ವೇಗದ ಸುತ್ತು ಯಾಕಿಲ್ಲ? ಮ್ಯಾರಥಾನಿಗೆ ಅದರಿಂದ ಸಿಗೋ ಲಾಭ ಸಣ್ಣದು, ಮೀನಖಂಡ ಅಥವಾ ತೊಡೆ ಹಿಂಭಾಗ ಹಿಡ್ಕೊಂಡ್ರೆ ಹೋಗೋದು ಮೂರ್ನಾಲ್ಕು ವಾರ. ವಯಸ್ಸಾದಂತೆ ಪಾದದಿಂದ ನೆಲ ತಳ್ಳೋ ಬಲವೇ ಮೊದಲು ಕುಗ್ಗೋದು, ಹೆಜ್ಜೆ ಗಿಡ್ಡವಾಗೋದೂ ಅದಕ್ಕೇ. ಕುಗ್ಗಿರೋ ಸ್ನಾಯುವಿನಿಂದ ಪೂರ್ತಿ ವೇಗ ಕೇಳಿದ್ರೆ ಅದು ಬಾಯಿ ಬಿಡದೆ ಇನ್ನೇನು ಮಾಡೀತು?

ಅದಕ್ಕೆ ಮದ್ದು ಬುಧವಾರ ಸಂಜೆ. ಕ್ಯಾಮೆರಾ ಹತ್ತಿರ ತರೋಣ. ಅದೇ ಮೆಟ್ಟಿಲು, ಕೆಳಗಿನದು. ಪಾದದ ಮುಂಭಾಗ ಮಾತ್ರ ಅಂಚಿನ ಮೇಲೆ, ಹಿಮ್ಮಡಿ ಗಾಳೀಲಿ. ಎರಡೂ ಕಾಲಿನ ಬಲದಲ್ಲಿ ತುದಿಗಾಲಿಗೆ ಏಳಿ. ಈಗ ಬಲಗಾಲು ಎತ್ತಿಬಿಡಿ. ಎಡಗಾಲೊಂದರ ಮೇಲೆ, ಒಂದು, ಎರಡು, ಮೂರು ಎಣಿಸ್ತಾ ಹಿಮ್ಮಡಿ ಇಳಿಸಿ, ಮೆಟ್ಟಿಲ ಮಟ್ಟಕ್ಕಿಂತ ಕೆಳಗೆ. ಮತ್ತೆ ಎರಡೂ ಕಾಲಲ್ಲಿ ಮೇಲಕ್ಕೆ. ಹೆಬ್ಬೆರಳ ಬುಡ ನೋಡಿ, ಭಾರ ಅಲ್ಲಿರಬೇಕು. ಕಿರುಬೆರಳ ಕಡೆಗೆ ಪಾದ ವಾಲಿದ್ರೆ ಸುಸ್ತಾಗಿದೆ ಅಂತ, ಅಲ್ಲಿಗೆ ನಿಲ್ಸಿ. ಮಂಡಿ ನೇರ ಇಟ್ಟು 15 ಸಲ, ಮೂರು ಸುತ್ತು. ಮಂಡಿ ಸ್ವಲ್ಪ ಮಡಚಿ 15 ಸಲ, ಮೂರು ಸುತ್ತು. ಮಂಡಿ ಮಡಚಿದಾಗ ಕೆಲಸ ಒಳಗಿನ ಸೋಲಿಯಸ್ ಸ್ನಾಯುವಿಗೆ ಹೋಗತ್ತೆ, ದೂರದ ಓಟ ನಿಂತಿರೋದು ಅದರ ಮೇಲೆ. ಎರಡೂ ಕಾಲಿಗೆ ಇದೇ ಲೆಕ್ಕ. 15 ಸುಲಭವಾದ್ರೆ ಬೆನ್ನಿಗೆ ಬ್ಯಾಗು ಹಾಕಿ, 5 ಕೆಜಿಯಿಂದ ಶುರು.

ಒಂದು ಎಚ್ಚರಿಕೆ. ನೋವು ಟೆಂಡನ್ನಿನ ಮಧ್ಯದಲ್ಲಿದ್ರೆ ಈ ವ್ಯಾಯಾಮ ಹೊಂದತ್ತೆ. ಹಿಮ್ಮಡಿ ಮೂಳೆಗೆ ಅಂಟೋ ಜಾಗದಲ್ಲೇ ಇದ್ರೆ ಮೆಟ್ಟಿಲು ಬೇಡ, ಸಪಾಟು ನೆಲದ ಮೇಲೆ ಮಾಡಿ. ಕೆಳಗಿಳಿಸಿದಾಗ ಟೆಂಡನ್ ಅಲ್ಲಿ ಮೂಳೆಗೆ ಒತ್ತಿಕೊಳ್ಳತ್ತೆ. ಇನ್ನೂ ಒಂದು, ಇದು ಬಹಳ ಜನಕ್ಕೆ ಗೊತ್ತಿಲ್ಲ: ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಥರದ ಆಂಟಿಬಯೋಟಿಕ್‌ಗಳು ಅಕಿಲಿಸ್ ಟೆಂಡನ್ ಹರಿಯೋ ಅಪಾಯ ಹೆಚ್ಚಿಸ್ತವೆ, 60 ದಾಟಿದವರಲ್ಲಿ ಇನ್ನೂ ಜಾಸ್ತಿ. ಔಷಧಿ ಬರೆಯುವಾಗಲೇ ಮ್ಯಾರಥಾನ್ ತರಬೇತಿ ನಡೀತಿದೆ ಅಂತ ಡಾಕ್ಟರಿಗೆ ಹೇಳಿ.

ಇದಾದ್ಮೇಲೆ ಸ್ಕ್ವಾಟ್ 8 ಸಲ ಮೂರು ಸುತ್ತು, ಒಂಟಿ ಕಾಲಲ್ಲಿ ಮೆಟ್ಟಿಲು ಹತ್ತೋದು 10 ಸಲ ಎರಡು ಸುತ್ತು, ಪಕ್ಕದ ಪ್ಲ್ಯಾಂಕ್ (ಪಕ್ಕಕ್ಕೆ ಮಲಗಿ ಮೊಣಕೈ ಊರಿ ಮೈ ಎತ್ತಿ ಹಿಡಿಯೋದು) 30 ಸೆಕೆಂಡು. ಅರ್ಧ ಗಂಟೆಗೆ ಮುಗೀಬೇಕು. ಓಡಿದ ದಿನವೇ ಯಾಕೆ, ಗುರುವಾರ ಖಾಲಿ ಇದೆಯಲ್ಲ ಅಂತ ಕೇಳಬಹುದು. ಗುರುವಾರ ಖಾಲಿಯಾಗೇ ಇರಲಿ ಅಂತಲೇ. ಬುಧವಾರ ಓಟ, ಗುರುವಾರ ತೂಕ ಅಂತ ಹಂಚಿದ್ರೆ ಕಾಲಿಗೆ ಎರಡೂ ದಿನ ಕೆಲಸ, ಬಿಡುವಿನ ದಿನ ಹೆಸರಿಗಷ್ಟೇ.

ಗುರುವಾರ ಅರ್ಧ ಗಂಟೆ ನಡಿಗೆ, ಇಲ್ಲಾ ಸೈಕಲ್, ಇಲ್ಲಾ ಏನೂ ಇಲ್ಲ. ಊಟದ ವಿಷಯ ಇಲ್ಲೇ ಹೇಳಿಬಿಡೋಣ. ವಯಸ್ಸಾದ ಸ್ನಾಯು ಪ್ರೋಟೀನಿಗೆ ಬೇಗ ಓಗೊಡಲ್ಲ. ಒಂದು ಹೊತ್ತಿಗೆ ತೂಕದ ಪ್ರತಿ ಕೆಜಿಗೆ 0.4 ಗ್ರಾಂ ಬೇಕು, 65 ಕೆಜಿಗೆ 26 ಗ್ರಾಂ. ರಾತ್ರಿ ಒಂದೇ ಸಲ ತುಂಬಿಸೋದಲ್ಲ, ದಿನದ ಮೂರು ಹೊತ್ತಿಗೂ ಹಂಚಿ. ಬೆಳಗಿನ ಹೊತ್ತಲ್ಲೇ ಸಾಮಾನ್ಯವಾಗಿ ಕೊರತೆ ಬೀಳೋದು. ಮೂತ್ರಪಿಂಡದ ತೊಂದರೆ ಇರೋರು ಈ ಲೆಕ್ಕವನ್ನ ಡಾಕ್ಟರ ಜೊತೆ ಮಾಡಿ.

ಶುಕ್ರವಾರ 8 ಕಿಲೋಮೀಟರ್ ಈಜಿ, ಕೊನೇಲಿ 15 ಸೆಕೆಂಡಿನ ಐದು ಸ್ಟ್ರೈಡ್ಸ್, ಅಂದ್ರೆ ಮೆಲ್ಲಗೆ ವೇಗ ಏರಿಸೋ ಚಿಕ್ಕ ಓಟ, ಸಪಾಟು ರಸ್ತೇಲಿ. ಪೂರ್ತಿ ವೇಗ ಬೇಡ, ಹೆಜ್ಜೆ ಹಗುರಾಗಿದ್ರೆ ಸಾಕು. ಟೆಂಡನ್ ಚೂರು ಮುಲುಗಿದ್ರೂ ಸ್ಟ್ರೈಡ್ಸ್ ಬಿಟ್ಟುಬಿಡಿ, ಏರು ದಾರಿಯನ್ನಂತೂ ಬಿಡಲೇಬೇಕು.

ಶನಿವಾರ ಕಾಲಿಗೆ ರಜ, ಕಣ್ಣಿಗೆ ಕೆಲಸ. ಶೂ ಕೈಗೆ ತಗೊಳ್ಳಿ. ಅಡಿಭಾಗ ಸವೆದಿದೆಯಾ ಅಂತ ಎಲ್ಲರೂ ನೋಡ್ತಾರೆ, ನೋಡಬೇಕಾದ್ದು ಪಕ್ಕದ ಫೋಮ್. ಇಲ್ಲಿ, ಹಿಮ್ಮಡಿ ಹತ್ತಿರ, ಅಡ್ಡಗೆರೆಗಳು ಆಳವಾಗಿ ಬಿದ್ದು ಹಾಗೇ ಉಳಿದಿದ್ರೆ ಫೋಮ್ ಸತ್ತಿದೆ ಅಂತ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಒಂದು ಕಡೆ ವಾಲಿದ್ರೂ ಅಷ್ಟೇ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳಿಕೆ. ಉಗುರು ಕಪ್ಪಾಗ್ತಿದ್ರೆ ಶೂ ಚಿಕ್ಕದು ಅಂತ ಹಾರಿಬೀಳೋ ಮುಂಚೆ ಲೇಸ್ ನೋಡಿ. ಮೇಲೆ, ಕಣಕಾಲ ಹತ್ತಿರ, ಉಪಯೋಗಿಸದೆ ಬಿಟ್ಟ ಒಂದು ಹೆಚ್ಚುವರಿ ತೂತು ಇರತ್ತೆ. ಲೇಸನ್ನ ಅದರೊಳಗೆ ಅದೇ ಬದಿಯಲ್ಲಿ ತೂರಿಸಿ ಸಣ್ಣ ಕುಣಿಕೆ ಮಾಡಿ. ಎದುರು ಬದಿಯ ಲೇಸನ್ನ ಆ ಕುಣಿಕೆಯೊಳಗೆ ಹಾಯಿಸಿ ಕೆಳಕ್ಕೆ ಎಳೀರಿ. ಹಿಮ್ಮಡಿ ಕಚ್ಚಿ ಕೂರತ್ತೆ, ಪಾದ ಮುಂದಕ್ಕೆ ಜಾರಲ್ಲ.

ಭಾನುವಾರ. ಹೊರಡೋ ಮುಂಚೆ ತೂಕ, ಬರೀ ಒಳಬಟ್ಟೇಲಿ. ತೊಡೆ ಸಂದು, ಕಂಕುಳು, ಗಂಡಸರಾದ್ರೆ ಎದೆತೊಟ್ಟಿಗೆ ವ್ಯಾಸಲೀನ್. 25 ಕಿಲೋಮೀಟರ್, 7:12ರ ಪೇಸಿಗೆ, ಸರಿಯಾಗಿ ಮೂರು ಗಂಟೆ. ಮಿತಿ ಮೂರು ಗಂಟೆ, 25 ಅಲ್ಲ. ಈಜಿ ಪೇಸ್ 8 ನಿಮಿಷ ಇರೋರು 22.5ಕ್ಕೆ ನಿಲ್ಸಿ. ಅಲ್ಲಿಂದಾಚೆಗೆ ಲಾಭಕ್ಕಿಂತ ರಿಪೇರಿ ಖರ್ಚೇ ಹೆಚ್ಚು. ಲಾಂಗ್ ರನ್ ವಾರದ ಮೂರನೇ ಒಂದು ಭಾಗ ಮೀರಬಾರದು ಅನ್ನೋ ನಿಯಮ ಕೇಳಿರ್ತೀರಿ. ಇಲ್ಲಿ ಶೇಕಡ 45 ಇದೆ. ವಾರಕ್ಕೆ ನಾಲ್ಕೇ ಸಲ ಓಡೋರಿಗೆ ಆ ನಿಯಮ ಕೂಡಲ್ಲ. ಅದಕ್ಕೆ ಬದಲಾಗಿ ಮುಂದೆರಡು ದಿನ, ಹಿಂದೊಂದು ದಿನ ಹಗುರ ಇಟ್ಟಿದೆ. ಒಂಬತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆ ಅಂತ ಮೊದಲಿಂದಲೇ ಹಂಚಿಕೊಂಡ್ರೂ ಆಗತ್ತೆ. ಸುಸ್ತಾದ್ಮೇಲೆ ನಡೆಯೋದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

ಜೆಲ್ ಐದು, ಅಂದ್ರೆ ಓಡ್ತಾ ನುಂಗೋ ಸಕ್ಕರೆ ಪಾಕದ ಪೊಟ್ಟಣ, ಒಂದೊಂದರಲ್ಲಿ 25 ಗ್ರಾಂ ಕಾರ್ಬ್ ಇರೋಂಥದ್ದು. 30ನೇ ನಿಮಿಷಕ್ಕೆ ಮೊದಲನೇದು, ಆಮೇಲೆ ಪ್ರತಿ ಅರ್ಧ ಗಂಟೆಗೆ. ಹಸಿವಾಗಲಿ ಅಂತ ಕಾದ್ರೆ ತಡ ಆಯ್ತು. ಜೊತೆಗೆ ಬರೀ ನೀರು. ಸ್ಪೋರ್ಟ್ಸ್ ಡ್ರಿಂಕ್ ಜೊತೆ ನುಂಗಿದ್ರೆ ಹೊಟ್ಟೇಲಿ ಸಕ್ಕರೆ ಗಟ್ಟಿಯಾಗಿ ಕೂತು ಹಿಡ್ಕೊಳ್ಳತ್ತೆ, ಬಾತ್‌ರೂಮ್ ಹುಡುಕೋ ಪರಿಸ್ಥಿತಿ. ಹೊಟ್ಟೆಗೂ ಅಭ್ಯಾಸ ಬೇಕು, ರೇಸ್ ದಿನದ ಜೆಲ್ಲೇ ಇವತ್ತೂ ಇರಲಿ. ಸಕ್ಕರೆ ಕಾಯಿಲೆಗೆ ಔಷಧಿ ತಗೊಳ್ಳೋರು ಜೆಲ್ಲಿನ ಲೆಕ್ಕವನ್ನ ಡಾಕ್ಟರನ್ನ ಕೇಳಿಯೇ ಹಾಕಿ.

ಮೈಕೈ ನೋವಿಗೆ ಅಂತ ಐಬುಪ್ರೊಫೇನ್ ನುಂಗಿ ಹೊರಡೋದು ಬೇಡ. ಬೆವರಿ ನೀರು ಕಡಿಮೆಯಾದಾಗ ಅದು ಮೂತ್ರಪಿಂಡಕ್ಕೆ ನೇರ ಪೆಟ್ಟು. ಎದೆ ಬಿಗಿತ, ತಾಳ ತಪ್ಪಿದ ಬಡಿತ, ಕಣ್ಣು ಕತ್ತಲೆ, ಇವುಗಳಲ್ಲಿ ಯಾವುದಾದ್ರೂ ಬಂದ್ರೆ ಅಲ್ಲೇ ನಿಂತು ಸಹಾಯ ಕರೀರಿ. ಮುಗಿಸಿಯೇ ಹೋಗ್ತೀನಿ ಅನ್ನೋ ಹಟ ಇಲ್ಲಿ ನಡೆಯಲ್ಲ.

ಮನೆಗೆ ಬಂದು ಬೆವರು ಒರೆಸಿ ಮತ್ತೆ ತೂಕ. 65 ಇದ್ದದ್ದು 64 ಆಗಿ, ದಾರೀಲಿ ಒಂದು ಲೀಟರ್ ಕುಡಿದಿದ್ರೆ, ಮೂರು ಗಂಟೆಗೆ ಬೆವರಿದ್ದು ಎರಡು ಲೀಟರ್. ಶೇಕಡ 2ರಷ್ಟು, ಅಂದ್ರೆ 1.3 ಕೆಜಿವರೆಗೆ ಇಳಿದ್ರೆ ಚಿಂತೆಯಿಲ್ಲ. ವಯಸ್ಸಾದಂತೆ ಬಾಯಾರಿಕೆ ಮಂಕಾಗತ್ತೆ, ಅದಕ್ಕೇ ತಕ್ಕಡಿಯನ್ನ ನಂಬಬೇಕು. ತೂಕ ಏರಿದ್ರೆ ಇನ್ನೂ ಕೆಟ್ಟದ್ದು: ಬೇಡದಷ್ಟು ಕುಡಿದಿದ್ದೀರಿ, ರಕ್ತದ ಸೋಡಿಯಂ ಇಳಿಯೋ ಅಪಾಯ ಇದೆ.

ಪುಸ್ತಕದಲ್ಲಿ ಮೂರೇ ಸಾಲು ಬರೀರಿ. ತೂಕದ ವ್ಯತ್ಯಾಸ. ಮೊದಲ ಗಂಟೆಯ ಮತ್ತು ಮೂರನೇ ಗಂಟೆಯ ಸರಾಸರಿ ಬಡಿತ, ಪೇಸ್ ಒಂದೇ ಇದ್ದಾಗ. ಎಲ್ಲಿ ನೋವು, ಯಾವ ಕಿಲೋಮೀಟರಿಂದ. ಬಡಿತ 125ರಿಂದ 130ಕ್ಕೆ ಹೋದ್ರೆ ಸಹಜ, 140ಕ್ಕೆ ಹೋಗಿದ್ರೆ ಪೇಸ್ ಹೆಚ್ಚಾಯ್ತು, ಇಲ್ಲಾ ಬಿಸಿಲು, ಇಲ್ಲಾ ನೀರು ಕಡಿಮೆ. ಒಂದೇ ಜಾಗದ ನೋವು ಸತತ ಎರಡು ಭಾನುವಾರ ಬರೆದಿದ್ರೆ ಮೂರನೇ ವಾರಕ್ಕೆ ಕಾಯಬೇಡಿ, ಫಿಸಿಯೋಗೆ ತೋರಿಸಿ.

ಮೂರನೇ ವಾರ ಹೇಗಿದ್ರೂ ಇಳಿಸೋ ವಾರ: 55 ಇದ್ದದ್ದು 38, ಭಾನುವಾರ 25ರ ಬದಲು 16. ಬುಧವಾರದ ಪೇಸ್ ಅದೇ 6:24, ತುಂಡು ಮಾತ್ರ ಎರಡು.