ಕೊಂಕ್‌ನಲ್ಲಿ ಎರಡು ಗಂಟೆ ದಾಟಿದರೆ ಊಟ ಇಲ್ಲ!

ಇದೇ ನೋಡಿ ಕೊಂಕ್. ದಕ್ಷಿಣ ಫ್ರಾನ್ಸ್, ಅವೆರೋನ್ ಜಿಲ್ಲೆ. ಹಳೇ ಊರಲ್ಲಿ ಮುನ್ನೂರು ಜನವೂ ಇಲ್ಲ. 2016ರಲ್ಲಿ ಪಕ್ಕದ ಮೂರು ಕಮ್ಯೂನ್‌ಗಳ (ನಮ್ಮ ಗ್ರಾಮ ಪಂಚಾಯಿತಿ ಥರ) ಜೊತೆ ಸೇರಿಸಿ ಒಂದೇ ಮಾಡಿದರು. ಚಾವಣಿ ನೋಡಿ, ಹೆಂಚಲ್ಲ, ಎಲ್ಲಾ ಚಪ್ಪಡಿ ಕಲ್ಲು.

ಈ ಶಾಟ್‌ನಲ್ಲಿ ನನ್ನ ಮುಖ ಯಾಕೆ ಹೀಗಿದೆ? ಊಟ ಸಿಗಲಿಲ್ಲ. ಹೋಟೆಲ್ ಬಾಗಿಲು ತೆರೆದಿದೆ, ಟೇಬಲ್ ಖಾಲಿ ಇವೆ, ಒಳಗಿಂದ ಬೆಳ್ಳುಳ್ಳಿ ಘಮ ಬರುತ್ತಿದೆ. ಆಯಮ್ಮ ಗಡಿಯಾರ ತೋರಿಸಿ ತಲೆ ಅಲ್ಲಾಡಿಸಿದರು. ಎರಡೂ ಹತ್ತು! ಈ ಕಡೆ ಹಳ್ಳಿಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಮತ್ತೆ ಒಲೆ ಹಚ್ಚುವುದು ಸಂಜೆ ಏಳಕ್ಕೆ. "ಬ್ರೆಡ್ಡು, ಚೀಸ್ ಇದ್ದರೂ ಸಾಕು ಮೇಡಂ" ಅಂದೆ. ತುಂಬಾ ಚೆನ್ನಾಗಿ ನಕ್ಕರು. ಕೊಡಲಿಲ್ಲ. ಬೇಕರಿಯೂ ಬಂದ್. "ಅಡುಗೆಯವರಿಗೂ ಕೂತು ಉಣ್ಣೋಕೆ ಟೈಮ್ ಬೇಡ್ವಾ?" ಅಂತ ನನ್ನ ಹೆಂಡತಿ. ಬೇಕು, ಒಪ್ಪುತ್ತೇನೆ. ಆದರೆ ಹಸಿದವನ ಮುಂದೆ ನ್ಯಾಯ ಮಾತಾಡಬಾರದು. ಕೊನೆಗೆ ಬ್ಯಾಗಿನ ತಳದಲ್ಲಿ ಪುಡಿಯಾಗಿದ್ದ ಬಿಸ್ಕತ್ತನ್ನು ಅಂಗೈಗೆ ಸುರಿದುಕೊಂಡು ತಿಂದೆವು.

ಅಯ್ಯೋ, ಚರ್ಚ್ ಬಂದೇಬಿಡ್ತು. ಬಾಗಿಲ ಮೇಲಿನ ಕೆತ್ತನೆ 12ನೇ ಶತಮಾನದ್ದು. ಎಡಕ್ಕೆ ಸ್ವರ್ಗ. ಎಲ್ಲರೂ ಸಾಲಾಗಿ ನಿಂತಿದ್ದಾರೆ, ಬೋರು. ಬಲಗಡೆ ನರಕಕ್ಕೆ ಜೂಮ್ ಮಾಡುತ್ತೇನೆ. ಜಿಪುಣನನ್ನು ನೇತು ಹಾಕಿದ್ದಾರೆ, ಕತ್ತಿನಲ್ಲಿ ದುಡ್ಡಿನ ಚೀಲ. ಕದ್ದು ಬೇಟೆಯಾಡಿದವನನ್ನು ಮೊಲವೇ ಬೆಂಕಿಯಲ್ಲಿ ಸುಡುತ್ತಿದೆ! ಕೆತ್ತಿದವನಿಗೂ ಈ ಕಡೆಯೇ ಮಜಾ ಬಂದಿರಬೇಕು.

ಕದ್ದವನ ಮಾತು ಬಂತಲ್ಲ, ಈ ಊರಿನ ಅದೃಷ್ಟವೂ ಕಳ್ಳಮಾಲೇ. 9ನೇ ಶತಮಾನದಲ್ಲಿ ಇಲ್ಲಿನ ಸನ್ಯಾಸಿಯೊಬ್ಬ ಅಜಾಂ ಊರಿಗೆ ಹೋಗಿ, ವರ್ಷಗಟ್ಟಲೆ ಅಲ್ಲೇ ಇದ್ದು ನಂಬಿಕೆ ಗಳಿಸಿ, ಸಾಂತ್ ಫ್ವಾ ಎಂಬ ಬಾಲಸಂತಳ ಅಸ್ಥಿ ಹೊತ್ತು ತಂದನಂತೆ. ಯಾತ್ರಿಕರು ಬಂದರು, ದುಡ್ಡು ಬಂತು. ಅವಳ ಚಿನ್ನದ ವಿಗ್ರಹ ಈಗಲೂ ಇಲ್ಲೇ ಇದೆ, ಮೈತುಂಬ ಹರಳು. ಕದ್ದ ಮೇಲೆ ಇಷ್ಟು ಚೆನ್ನಾಗಿ ನೋಡಿಕೊಳ್ಳೋದಾದರೆ ಬೈಯೋದು ಹೇಗೆ ಹೇಳಿ!

ಒಳಗೆ ಬಣ್ಣಬಣ್ಣದ ಗಾಜು ಇರುತ್ತೆ ಅಂದುಕೊಂಡಿದ್ದೆ. ಇಲ್ಲ. ಬಣ್ಣವೇ ಇಲ್ಲದ ಮಸುಕು ಗಾಜು, ಮೇಲೆ ಕಪ್ಪು ಗೆರೆ. ಬಾತ್‌ರೂಮ್ ಕಿಟಕಿ ಥರ ಇದೆ ಅಂತ ಕ್ಯಾಮೆರಾದಲ್ಲೇ ಅಂದುಬಿಟ್ಟೆ. ಇದೇ ಜಿಲ್ಲೆಯ ರೊಡೆಜ್ ಊರಲ್ಲಿ ಹುಟ್ಟಿದ ಕಲಾವಿದ ಪಿಯೆರ್ ಸುಲಾಜ್ ಮಾಡಿದ್ದು, 104 ಕಿಟಕಿ, 1994ರಲ್ಲಿ ಮುಗಿದದ್ದು. ಅರ್ಧ ಗಂಟೆ ಸುಮ್ನೆ ಕೂತೆ. ಬಿಸಿಲು ಸರಿದ ಹಾಗೆ ಒಂದು ಕಿಟಕಿ ನೀಲಿಯಾಯಿತು, ಎದುರಿನದು ಕಿತ್ತಳೆ. ಬಾತ್‌ರೂಮ್ ಮಾತು ವಾಪಸ್. ಎಡಿಟ್‌ನಲ್ಲಿ ತೆಗೆಯೋಣ ಅಂದರೆ ಹೆಂಡತಿ ಬಿಡಲಿಲ್ಲ.

ಕೆಳಗಿನ ಆ ಸೇತುವೆ ಯಾತ್ರಿಕರದ್ದು. ಲ ಪ್ವೀ ಅನ್ನೋ ಊರಿಂದ ಸುಮಾರು 200 ಕಿಲೋಮೀಟರ್ ನಡೆದು ಬರುತ್ತಾರೆ. ನಾವು ಕಾರಲ್ಲಿ ಬಂದು ಸುಸ್ತು. ಹಾಂ, ರಾತ್ರಿ ಅಲಿಗೊ ಸಿಕ್ಕಿತು: ಆಲೂಗಡ್ಡೆ, ಚೀಸ್, ಬೆಳ್ಳುಳ್ಳಿ ಕಲಸಿದ್ದು, ಎತ್ತಿದರೆ ಎಳೆ ಎಳೆಯಾಗಿ ಬರುತ್ತೆ. ಮಾಂಸ ತಿನ್ನದವರು ಸಾಸೇಜ್ ಬೇಡ ಅಂತ ಮೊದಲೇ ಹೇಳಿಬಿಡಿ, ಜೊತೆಗೆ ಹಾಕಿಬಿಡುತ್ತಾರೆ.